ಕೆರೆ ಹಕ್ಕಿ ಎಣಿಕೆಗೆ ಹೊಸಬರು ಹೋಗಬಹುದಾ?

ಕೇಳಿದವರು, ವಿಜಯನಗರ:
ಮನೆ ಮುಂದಿನ ಹೊಂಗೆ ಮರಕ್ಕೆ ಬರುವ ಹಕ್ಕಿಗಳನ್ನು ನೋಡಿ ನೋಡಿ ಒಂಥರಾ ಹುಚ್ಚು ಹಿಡಿದಿದೆ. ಜನವರಿಯಲ್ಲಿ ಕೆರೆ ಹಕ್ಕಿ ಎಣಿಕೆ ಇದೆ, ನೀವೂ ಬನ್ನಿ ಅಂತ ಪರಿಚಯದವರು ಕರೆದಿದ್ದಾರೆ. ನನಗೆ ಕಾಗೆ, ಗೊರವಂಕ, ಮಿಂಚುಳ್ಳಿ, ಬೆಳ್ಳಕ್ಕಿ ಬಿಟ್ಟರೆ ಜಾಸ್ತಿ ಗೊತ್ತಿಲ್ಲ. ಬೈನಾಕ್ಯುಲರ್ ಕೂಡ ಇಲ್ಲ. ಹೋಗಿ ಅವರ ಎಣಿಕೆ ಹಾಳು ಮಾಡಿಬಿಡುತ್ತೇನಾ? ಅನುಭವ ಇರುವವರು ಹೇಳಿ.

ಜಕ್ಕೂರಿನಿಂದ:
ಧಾರಾಳವಾಗಿ ಹೋಗಿ ಸರ್. ಗುರುತು ಹಿಡಿಯುವವರು ಹೆಚ್ಚುಕಮ್ಮಿ ಎಲ್ಲ ತಂಡದಲ್ಲೂ ಇರುತ್ತಾರೆ, ಬರೆದುಕೊಳ್ಳುವವರಿಗೇ ಬರ. ಬೈನಾಕ್ಯುಲರ್ ಹಿಡಿದವರು ‘ನಾಮಕೋಳಿ ನಲವತ್ತು, ಬೂದು ಬಕ ಮೂರು, ಆ ಕಡೆ ಇನ್ನೊಂದು ನಾಮಕೋಳಿ ಗುಂಪು, ಅರವತ್ತು’ ಅಂತ ಕಣ್ಣು ತೆಗೆಯದೆ ಹೇಳುತ್ತಾ ಹೋಗುತ್ತಾರೆ, ಪಕ್ಕದಲ್ಲಿರುವವರು ಒಂದನ್ನೂ ಬಿಡದೆ ಬರೆಯಬೇಕು. ಮೊದಲ ಸಲ ಆ ಕೆಲಸವನ್ನೇ ಕೇಳಿ ತೆಗೆದುಕೊಳ್ಳಿ. ಹೆಸರು ಬರೆದು ತಲೆಯೆತ್ತಿ ಅದೇ ಹಕ್ಕಿಯನ್ನು ನೋಡುತ್ತೀರಲ್ಲ, ಮನೆಯಲ್ಲಿ ಕೂತು ಫೋಟೋ ನೋಡುವುದಕ್ಕಿಂತ ಬೇಗ ತಲೆಗೆ ಹತ್ತುತ್ತದೆ. ಕಪ್ಪು ಮೈ, ಹಣೆಗೆ ಬಿಳಿ ನಾಮ, ಇನ್ನು ನಾಮಕೋಳಿಯನ್ನು ಮರೆಯೋದು ಹೇಗೆ?

ನೂರಾರು ಬಾತುಗಳು ನೀರಲ್ಲಿ ಹರಡಿಕೊಂಡಿದ್ದರೆ ಒಂದೊಂದಾಗಿ ಎಣಿಸಲು ಹೋಗಬೇಡಿ. ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ನೋಡಿಕೊಳ್ಳಿ, ಅಂಥ ಜಾಗ ಗುಂಪಿನಲ್ಲಿ ಎಷ್ಟಿವೆ ಅಂತ ಅಂದಾಜು ಹಾಕಿ. ನಿಜವಾಗಿ ಸತಾಯಿಸುವುದು ಗುಳುಮುಳುಕ. ಎಣಿಸುತ್ತಿರುವಾಗಲೇ ಬುಳಕ್ ಅಂತ ಮುಳುಗಿ ಇನ್ನೆಲ್ಲೋ ಏಳುತ್ತದೆ, ಇದು ಅದೇನಾ ಬೇರೇನಾ ಅಂತ ಇಬ್ಬರು ವಾದ ಮಾಡುವಷ್ಟರಲ್ಲಿ ಮತ್ತೆರಡು ಮುಳುಗಿರುತ್ತವೆ. ಅದಕ್ಕೇ ಕೆರೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಲ ಸಾಗುವುದು, ಹಿಂದೆ ಬಂದು ಮತ್ತೆ ಎಣಿಸುವುದಿಲ್ಲ.

ಗೊತ್ತಾಗದ ಹಕ್ಕಿಗೆ ‘ಯಾವುದೋ ಬಾತು, 30’ ಅಂತ ಬರೆಯಲು ನಾಚಿಕೆ ಬೇಡ. ಅದೂ ಲೆಕ್ಕವೇ. ಊಹೆ ಮಾಡಿ ಹೆಸರು ಹಾಕಿದರೆ ಆಮೇಲೆ ಸರಿ ಮಾಡುವುದು ಕಷ್ಟ. ವಲಸೆ ಬಂದ ಗಂಡು ಬಾತುಗಳಲ್ಲಿ ಕೆಲವು ಡಿಸೆಂಬರ್‌ನಲ್ಲೂ ಹೆಣ್ಣಿನ ಹಾಗೆ ಮಂಕು ಬಣ್ಣದಲ್ಲೇ ಇರುತ್ತವೆ, ಪಳಗಿದವರೂ ಅಲ್ಲಿ ತಡವರಿಸುತ್ತಾರೆ. ನನ್ನ ಕೇಳಿದರೆ ಎಣಿಕೆ ಕೆಡಿಸುವವರು ಅರ್ಧಂಬರ್ಧ ಕಲಿತು ಕಂಡದ್ದಕ್ಕೆಲ್ಲ ಹೆಸರಿಡುವವರು. ನಿಮ್ಮ ಹಾಗೆ ಕೇಳಿಕೊಂಡು ಬರುವವರಿಂದ ಏನೂ ಕೆಡುವುದಿಲ್ಲ.

ಜೆ.ಪಿ. ನಗರದಿಂದ:
ಯಾವ ಎಣಿಕೆ ಅಂತ ಮೊದಲು ಕೇಳಿಕೊಳ್ಳಿ. ಜನವರಿಯದು ಅಂದರೆ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಇರಬೇಕು, 1987ರಿಂದ ನಡೆಯುತ್ತಿದೆ. ಆ ಹೊತ್ತಿಗೆ ಉತ್ತರದಿಂದ ಬಂದ ಹಕ್ಕಿಗಳು ಒಂದು ಕಡೆ ನೆಲೆ ನಿಂತಿರುತ್ತವೆ, ಹಾಗಾಗಿ ಹೋದ ವರ್ಷದ ಲೆಕ್ಕದ ಜೊತೆ ಹೋಲಿಸಲು ಸುಲಭ. ಅದರಲ್ಲಿ ಕೆರೆ, ಜೌಗಿನ ಹಕ್ಕಿಗಳದ್ದೇ ಲೆಕ್ಕ. ಅಷ್ಟಕ್ಕೂ ಧೈರ್ಯ ಬರಲಿಲ್ಲ ಅಂದರೆ ಫೆಬ್ರುವರಿ ಮಧ್ಯದಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಇದೆ. ನಿಮ್ಮ ಹೊಂಗೆ ಮರದ ಕೆಳಗೇ ಕನಿಷ್ಠ 15 ನಿಮಿಷ ನಿಂತು, ಕಂಡದ್ದು ಕೇಳಿದ್ದು ಎಲ್ಲ ಈಬರ್ಡ್ ಅನ್ನುವ ಹಕ್ಕಿ ಪಟ್ಟಿಯ ಆ್ಯಪ್‌ಗೆ ಹಾಕಿದರಾಯಿತು. ಕಾಗೆ, ಪಾರಿವಾಳ, ಹದ್ದನ್ನೂ ಹಾಕಿ. ಹೊಸಬರು ಬಿಡುವುದೇ ಅವನ್ನು.

ಬೈನಾಕ್ಯುಲರ್ ಈಗಲೇ ಕೊಳ್ಳಬೇಡಿ. ಎಣಿಕೆ ದಿನ ಬೇರೆಯವರದ್ದು ಕೇಳಿ ನೋಡಿ, ಯಾರೂ ಇಲ್ಲ ಅನ್ನುವುದಿಲ್ಲ. ಆಮೇಲೆ ಬೇಕು ಅನ್ನಿಸಿದರೆ 8×42 ಸಾಕು. 8 ಅಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅಂತ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಜಾಸ್ತಿ ಪಟ್ಟಿನದು ತೆಗೆದುಕೊಂಡರೆ ಕೈ ನಡುಗಿದ್ದೆಲ್ಲ ಕಾಣುತ್ತದೆ, ಹಕ್ಕಿ ಮಾತ್ರ ಕಾಣುವುದಿಲ್ಲ.

ಹೆಬ್ಬಾಳದಿಂದ:
ಮರ್ಲಿನ್ ಆ್ಯಪ್ ಹಾಕಿಕೊಳ್ಳಿ, ಕೂಗು ಕೇಳಿ ಹೆಸರು ಹೇಳುತ್ತದೆ. ಅಷ್ಟು ಸಾಕು.

ಜಕ್ಕೂರಿನಿಂದ:
ಸಾಕಾಗುವುದಿಲ್ಲ ಗುರು. ಆ್ಯಪ್ ಹೆಸರು ಹೇಳಿದ ಕೂಡಲೇ ಆ ದಿಕ್ಕಿಗೆ ತಿರುಗಿ ಹುಡುಕಬೇಕು, ಸುಮ್ನೆ ಪಟ್ಟಿಗೆ ಸೇರಿಸುವುದಲ್ಲ. ಹಾಗೇ ಫೋನಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದು ಬೇಡವೇ ಬೇಡ.

ಸರ್ಜಾಪುರ ರಸ್ತೆಯಿಂದ:
ನಾನು ಕೈಕೊಂಡ್ರಹಳ್ಳಿ ಕೆರೆ ಕಡೆಯವಳು. ಇಲ್ಲಿ ಯಾರೂ ಶೌಚಾಲಯದ ಮಾತೇ ಎತ್ತಿಲ್ಲ, ಹೆಣ್ಣುಮಕ್ಕಳಿಗೆ ಅದೇ ದೊಡ್ಡ ಚಿಂತೆ. ಎಲ್ಲ ಕೆರೆಯಲ್ಲೂ ಇರುವುದಿಲ್ಲ, ಇದ್ದರೂ ಬೀಗ ಹಾಕಿರಬಹುದು. ಎಲ್ಲಿದೆ ಅಂತ ಹಿಂದಿನ ದಿನವೇ ತಂಡದವರನ್ನು ಕೇಳಿಕೊಳ್ಳಿ, ಸಂಕೋಚ ಬೇಡ. ಬೆಳಗ್ಗೆ ಪೂರ್ವದ ದಂಡೆಯಲ್ಲಿ ನಿಂತರೆ ಸೂರ್ಯ ಬೆನ್ನಿಗೆ ಇರುತ್ತಾನೆ. ಎದುರಿಗಿದ್ದರೆ ನೀರುಕಾಗೆ, ಬಾತು, ಜಂಬುಕೋಳಿ ಎಲ್ಲ ಒಂದೇ ಕಪ್ಪು. ಜನವರಿಯಲ್ಲಿ ಕೆರೆ ಮೇಲೆ ಮಂಜು ಕವಿದು ಸ್ವಲ್ಪ ಹೊತ್ತು ಏನೂ ಕಾಣದಿರಬಹುದು, ವಾಪಸ್ ಹೊರಡಬೇಡಿ, ಕಾಯಿರಿ. ಬೀದಿನಾಯಿಗಳು ಬೊಗಳಿದರೆ ಓಡಬೇಡಿ.

ಕೇಳಿದವರು, ವಿಜಯನಗರ:
ತುಂಬಾ ಥ್ಯಾಂಕ್ಸ್, ಹೆಸರು ಕೊಟ್ಟುಬಿಟ್ಟೆ. ಮಗಳೂ ಬರುತ್ತೇನೆ ಅಂತಾಳೆ, ನಾಲ್ಕನೇ ಕ್ಲಾಸು. ಕರೆದುಕೊಂಡು ಹೋಗಬಹುದಾ?

ಸರ್ಜಾಪುರ ರಸ್ತೆಯಿಂದ:
ಕರ್ಕೊಂಡು ಹೋಗಿ, ತಂಡದವರಿಗೆ ಮೊದಲೇ ಒಂದು ಮಾತು ಹೇಳಿರಿ. ಬೆಳ್ಳಕ್ಕಿಗಳನ್ನು ಅವಳ ಪಾಲಿಗೆ ಬಿಟ್ಟುಬಿಡಿ. ಕಪ್ಪು ಕೊಕ್ಕು, ಹಳದಿ ಪಾದ ಇದ್ದರೆ ಚಿಕ್ಕ ಬೆಳ್ಳಕ್ಕಿ, ಹಳದಿ ಕೊಕ್ಕು, ಗಿಡ್ಡ ಕತ್ತು ಇದ್ದರೆ ಗೋವಕ್ಕಿ. ಶುರುವಿಗೆ ಇಷ್ಟು ಹೇಳಿಕೊಟ್ಟರೆ ಸಾಕು, ಮಕ್ಕಳ ಕಣ್ಣು ನಮ್ಮದಕ್ಕಿಂತ ಚುರುಕು ಅಲ್ವಾ. ಕಣ್ಣಿಗೆ ಹೊಡೆಯುವ ಬಣ್ಣದ ಸ್ವೆಟರ್ ಹಾಕಬೇಡಿ. ತಿಂಡಿ ಕಟ್ಟಿಕೊಳ್ಳಿ, ಎಂಟೂವರೆಗೆಲ್ಲ ಹೊಟ್ಟೆ ಹಸಿದು ಮನೆಗೆ ಹೋಗೋಣ ಅಂತ ರಾಗ ತೆಗೆಯುತ್ತಾರೆ.