ಪ್ಲ್ಯಾನಿಂಗ್ ಅರ್ಜಿ ತಿರಸ್ಕಾರ (ಇಂಗ್ಲೆಂಡ್): ಕನ್ಸಲ್ಟೆಂಟ್ ಹಿಡಿದು ಅಪೀಲು ಹೋಗುವುದೋ, ನಕ್ಷೆ ತಿದ್ದುವುದೋ?

ಇಟ್ಟಿಗೆಗೂಡು:
ನಮಸ್ಕಾರ. ನಮ್ಮದು ಸೆಮಿ ಡಿಟ್ಯಾಚ್ಡ್ ಮನೆ, ಒಂದು ಬದಿ ಪಕ್ಕದ ಮನೆಗೆ ಅಂಟಿಕೊಂಡಿದೆ. ಹಿಂದುಗಡೆ ಪೂರ್ತಿ ಅಗಲಕ್ಕೆ ಎರಡಂತಸ್ತಿನ ಎಕ್ಸ್‌ಟೆನ್ಶನ್, 4 ಮೀಟರ್ ಆಳ. ಇನ್ನೊಂದು ಬದಿಗೆ, ಗ್ಯಾರೇಜ್ ಇರುವ ಕಡೆ, ಒಂದಂತಸ್ತಿನ ಕೋಣೆ. ಎರಡಕ್ಕೂ ಸೇರಿ ಒಂದೇ ಅರ್ಜಿ ಹಾಕಿದ್ದೆವು. ಕೌನ್ಸಿಲ್ ತಿರಸ್ಕರಿಸಿದೆ. ಕಾರಣ ಒಂದೇ: ಅಂಟಿಕೊಂಡ ಮನೆಯ ಹಿಂದಿನ ಕಿಟಕಿಗೆ ಬೆಳಕು ಕಡಿಮೆಯಾಗುತ್ತದೆ, 45 ಡಿಗ್ರಿ ನಿಯಮ (ನೆರೆಯ ಕಿಟಕಿಯಿಂದ 45 ಡಿಗ್ರಿ ಓರೆಯಲ್ಲಿ ಎಳೆದ ಗೆರೆಯನ್ನು ಕಟ್ಟಡ ದಾಟಬಾರದು) ಮೀರಿದೆ. ಪಕ್ಕದ ಕೋಣೆಯ ಬಗ್ಗೆ ತಕರಾರಿಲ್ಲ.

ಪ್ಲ್ಯಾನಿಂಗ್ ಕನ್ಸಲ್ಟೆಂಟ್ ಒಬ್ಬರು ಅಪೀಲಿಗೆ 1,500 ಪೌಂಡ್ ಮತ್ತು ವ್ಯಾಟ್ ಕೇಳುತ್ತಿದ್ದಾರೆ. ಕೊಡಬಹುದೇ? ಆಳವನ್ನು 3 ಮೀಟರ್‌ಗೆ ಇಳಿಸಿದ ನಕ್ಷೆಯನ್ನು ಅಪೀಲಿನ ಜೊತೆಗೇ ಕಳಿಸಬಹುದೇ? ಗಡುವು ಆರು ತಿಂಗಳು ಅಂತ ಕೇಳಿದ್ದು ನಿಜವೇ?

ಗೆರೆಕೋಲು:
ಮೊದಲು ಗಡುವು. ಆರು ತಿಂಗಳು ಬೇರೆ ಬಗೆಯ ಅರ್ಜಿಗಳಿಗೆ. ಹೌಸ್‌ಹೋಲ್ಡರ್ ಅರ್ಜಿ, ಅಂದರೆ ನಿಮ್ಮಂತೆ ಇರುವ ಮನೆಯನ್ನು ವಿಸ್ತರಿಸುವ ಅರ್ಜಿ, ತಿರಸ್ಕಾರವಾದರೆ 12 ವಾರ ಮಾತ್ರ. ಪತ್ರ ನಿಮ್ಮ ಕೈಗೆ ಬಂದ ದಿನದಿಂದಲ್ಲ, ನೋಟಿಸಿನ ಮೇಲೆ ಅಚ್ಚಾದ ತಾರೀಖಿನಿಂದ ಎಣಿಸಿ. ಒಂದು ದಿನ ಮೀರಿದರೂ ತೆಗೆದುಕೊಳ್ಳದಿರಬಹುದು. ಅರ್ಜಿ ಯಾರ ಹೆಸರಿನಲ್ಲಿತ್ತೋ ಅವರ ಹೆಸರಿನಲ್ಲೇ ಅಪೀಲು ಹೋಗಬೇಕು. ಅರ್ಜಿ ಹೆಂಡತಿಯ ಹೆಸರಿನಲ್ಲಿ, ಅಪೀಲು ಗಂಡನ ಹೆಸರಿನಲ್ಲಿ ಹಾಕಿದರೆ ನಡೆಯದು. ಅಪೀಲು ತೀರ್ಮಾನಿಸುವ ಪ್ಲ್ಯಾನಿಂಗ್ ಇನ್‌ಸ್ಪೆಕ್ಟರೇಟ್‌ಗೆ ಶುಲ್ಕವೇನೂ ಇಲ್ಲ.

3 ಮೀಟರ್ ನಕ್ಷೆಯನ್ನು ಅಪೀಲಿಗೆ ಕಳಿಸಬೇಡಿ. ಕೌನ್ಸಿಲ್ ಯಾವ ನಕ್ಷೆಯನ್ನು ನೋಡಿ ತೀರ್ಮಾನಿಸಿತೋ ಅದನ್ನೇ ಇನ್‌ಸ್ಪೆಕ್ಟರ್ ತೂಗಿ ನೋಡುತ್ತಾರೆ. ಬದಲಾದ ನಕ್ಷೆಯನ್ನು ನೆರೆಯವರು ನೋಡಿಲ್ಲ, ಅಭಿಪ್ರಾಯ ಹೇಳಿಲ್ಲ, ಹಾಗಾಗಿ ಸಾಮಾನ್ಯವಾಗಿ ಬದಿಗಿಡುತ್ತಾರೆ. ಅದಕ್ಕಿಂತ ಕೆಟ್ಟದ್ದೇನೆಂದರೆ, 4 ಮೀಟರ್ ಹೆಚ್ಚಾಯಿತು ಎಂದು ನೀವೇ ಒಪ್ಪಿಕೊಂಡಂತೆ ಕಾಣುತ್ತದೆ.

ಈಗ ಒಂದು ಅಳತೆ ಬೇಕು. ನೆರೆಮನೆಯ ಆ ಕಿಟಕಿ ಯಾವ ಕೋಣೆಯದು, ಅದರ ನಡುಮಧ್ಯದಿಂದ ನಿಮ್ಮಿಬ್ಬರ ನಡುವಿನ ಗಡಿಗೆ ಎಷ್ಟು ದೂರ? ಬಚ್ಚಲುಮನೆಯ ಅಥವಾ ಮೆಟ್ಟಿಲಿನ ಕಿಟಕಿಯಾದರೆ ಕೌನ್ಸಿಲ್‌ನ ವಾದವೇ ಸಡಿಲವಾಗುತ್ತದೆ. ಡೆಲಿಗೇಟೆಡ್ ರಿಪೋರ್ಟ್‌ನಲ್ಲಿ (ತೀರ್ಮಾನದ ಕಾರಣಗಳನ್ನು ವಿವರಿಸುವ ಕೌನ್ಸಿಲ್ ವರದಿ) ಆಫೀಸರ್ ಏನು ಬರೆದಿದ್ದಾರೆ ನೋಡಿ. ಕೌನ್ಸಿಲ್ ವೆಬ್‌ಸೈಟಿನಲ್ಲಿ ನಿಮ್ಮ ಅರ್ಜಿಯ ನಂಬರಿನಡಿ ಇರುತ್ತದೆ. ನೋಟಿಸಿನ ನಾಲ್ಕು ಸಾಲಿಗಿಂತ ಅಸಲು ವಿಷಯ ಇರುವುದು ಅಲ್ಲೇ.

ಇಟ್ಟಿಗೆಗೂಡು:
ಊಟದ ಕೋಣೆಯ ಕಿಟಕಿ, ನೆಲ ಅಂತಸ್ತು. ಮಧ್ಯದಿಂದ ಗಡಿಗೆ 1.5 ಮೀಟರ್. ನಮ್ಮ ಗೋಡೆ ಗಡಿಗೆ ತಾಗಿಕೊಂಡೇ ಇದೆ. ರಿಪೋರ್ಟ್‌ನಲ್ಲಿ ಪಕ್ಕದ ಕೋಣೆ "ಒಪ್ಪುವಂಥದ್ದು" ಅಂತಲೇ ಇದೆ.

ಗೆರೆಕೋಲು:
ಹಾಗಾದರೆ ಲೆಕ್ಕ ಸುಲಭ. 45 ಡಿಗ್ರಿ ಗೆರೆ ಎಷ್ಟು ಪಕ್ಕಕ್ಕೆ ಸರಿಯುತ್ತದೋ ಅಷ್ಟೇ ಹಿಂದಕ್ಕೆ ಹೋಗುತ್ತದೆ. ಗೋಡೆ ಗಡಿಯ ಮೇಲಿದ್ದರೆ ಗೆರೆ 1.5 ಮೀಟರ್ ಆಳಕ್ಕೇ ಅದನ್ನು ಮುಟ್ಟುತ್ತದೆ. ಅಂದರೆ ನೀವು ಹೇಳುತ್ತಿರುವ 3 ಮೀಟರ್ ನಕ್ಷೆಯೂ ಪಾಸಾಗದು! ಆಳ ಕಡಿಮೆ ಮಾಡುವುದಕ್ಕಿಂತ ಮೇಲಂತಸ್ತನ್ನು ಗಡಿಯಿಂದ ಒಳಗೆ ತರುವುದು ಮುಖ್ಯ. 2 ಮೀಟರ್ ಒಳಗೆ ತಂದರೆ ಗೆರೆ 3.5 ಮೀಟರ್‌ವರೆಗೆ ಬಿಟ್ಟುಕೊಡುತ್ತದೆ, ಆಗ ಮೇಲೆ 3 ಮೀಟರ್ ಆಳದ ಕೋಣೆ ನೆಮ್ಮದಿಯಾಗಿ ಕೂರುತ್ತದೆ. ಕೆಲವು ಕೌನ್ಸಿಲ್‌ಗಳು ಕಿಟಕಿಯ ಮಧ್ಯದಿಂದ ಅಳೆಯುವುದಿಲ್ಲ, ನಿಮ್ಮ ಕೌನ್ಸಿಲ್‌ನ ಡಿಸೈನ್ ಗೈಡ್ ನೋಡಿಕೊಳ್ಳಿ.

ನೆಲ ಅಂತಸ್ತಿಗೆ ಬೇರೆ ದಾರಿಯಿದೆ. ಅಂಟಿಕೊಂಡ ಮನೆಗಳಿಗೆ ಮೂಲ ಹಿಂಗೋಡೆಯಿಂದ 3 ಮೀಟರ್‌ವರೆಗಿನ ಒಂದಂತಸ್ತಿಗೆ ಪರ್ಮಿಟೆಡ್ ಡೆವಲಪ್‌ಮೆಂಟ್ ಅಡಿ ಅರ್ಜಿಯೇ ಬೇಡ. ನೆರೆಯವರಿಗೆ ತಿಳಿಸುವ ಪ್ರಯರ್ ಅಪ್ರೂವಲ್ ಮೂಲಕ 6 ಮೀಟರ್‌ವರೆಗೂ ಹೋಗಬಹುದು, ಕನ್ಸರ್ವೇಶನ್ ಏರಿಯಾದಂಥ ಸಂರಕ್ಷಿತ ಜಾಗಗಳಲ್ಲಿ ಆ 6 ಮೀಟರ್ ಇಲ್ಲ. ಗಡಿಯಿಂದ 2 ಮೀಟರ್ ಒಳಗೆ ಸೂರಂಚು 3 ಮೀಟರ್ ಎತ್ತರ ಮೀರಬಾರದು. ಒಂದು ಕಡೆ ಹುಷಾರು: ಪಕ್ಕದ ಕೋಣೆಯೂ ಹಿಂದಿನದೂ ಎಲ್ ಆಕಾರದಲ್ಲಿ ಕೂಡಿಕೊಂಡರೆ ಎರಡನ್ನೂ ಒಂದೇ ಎಂದು ಅಳೆಯುತ್ತಾರೆ, ಮೂಲ ಮನೆಯ ಅರ್ಧ ಅಗಲದ ಮಿತಿ ಮೀರಿ ಇಡೀ ಲೆಕ್ಕ ಬಿದ್ದುಹೋಗುತ್ತದೆ. ಬಹಳ ಜನ ಎಡವುವುದು ಇಲ್ಲೇ.

ತೂಗುಗುಂಡು:
ಕನ್ಸಲ್ಟೆಂಟ್ ವಿಚಾರಕ್ಕೆ ಬರುತ್ತೇನೆ. ಹೌಸ್‌ಹೋಲ್ಡರ್ ಅಪೀಲಿನಲ್ಲಿ ನಿಮ್ಮ ವಾದ ಒಂದೇ ಸಲ, ಶುರುವಿನಲ್ಲೇ ಹೋಗುತ್ತದೆ. ಆಮೇಲೆ ಉತ್ತರ ಕೊಡುವ ಸರದಿ ಇಲ್ಲ. ಇನ್‌ಸ್ಪೆಕ್ಟರ್ ಜಾಗ ನೋಡಲು ಬಂದಾಗಲೂ ಚರ್ಚೆ ಮಾಡುವುದಿಲ್ಲ. ಬರೆದ ಸ್ಟೇಟ್‌ಮೆಂಟೇ ಎಲ್ಲ, ಹಾಗಾಗಿ ಒಳ್ಳೆಯವರ ಕೈಯಲ್ಲಿ ಬರೆಸಿದರೆ ದುಡ್ಡಿಗೆ ಬೆಲೆ ಇದೆ. ಆದರೆ ಗೆದ್ದರೂ ಆ ಫೀಸು ವಾಪಸ್ ಬರದು. ಕೌನ್ಸಿಲ್ ಅಸಮಂಜಸವಾಗಿ ನಡೆದುಕೊಂಡಿದ್ದರಿಂದಲೇ ಖರ್ಚು ಬಂತು ಎಂದು ಸಾಬೀತಾದರೆ ಮಾತ್ರ ಕಾಸ್ಟ್ಸ್ (ಖರ್ಚಿನ ಪರಿಹಾರ) ಸಿಗುತ್ತದೆ, ತೀರ್ಮಾನ ತಪ್ಪಾಗಿತ್ತು ಎಂಬಷ್ಟಕ್ಕೇ ಸಿಗದು.

ಪ್ಲ್ಯಾನಿಂಗ್ ಕನ್ಸಲ್ಟೆಂಟ್ ಅಂತ ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಹೆಸರಿನ ಮುಂದೆ ಎಂಆರ್‌ಟಿಪಿಐ ಇದೆಯೇ ನೋಡಿ, ಅದು ಚಾರ್ಟರ್ಡ್ ಟೌನ್ ಪ್ಲ್ಯಾನರ್ ಎಂಬುದರ ಗುರುತು. ಡೆಲಿಗೇಟೆಡ್ ರಿಪೋರ್ಟ್ ಓದದೆ ರೇಟು ಹೇಳಿದವರನ್ನು ಬಿಟ್ಟುಬಿಡಿ. ಗೆಲ್ಲಿಸಿಯೇ ಕೊಡುತ್ತೇನೆ ಅನ್ನುವವರನ್ನೂ ಬಿಡಿ, ಹೌಸ್‌ಹೋಲ್ಡರ್ ಅಪೀಲುಗಳಲ್ಲಿ ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚು. ಮೊದಲು ಪೂರ್ತಿ ಕೆಲಸ ಒಪ್ಪಿಸದೆ, ಒಂದೆರಡು ಗಂಟೆಯ ಫೀಸು ಕೊಟ್ಟು, ಗೆಲ್ಲುವ ಸಾಧ್ಯತೆ ಎಷ್ಟು ಎಂದು ಲಿಖಿತವಾಗಿ ಕೇಳಿ. ಇದೇ ಕೌನ್ಸಿಲ್‌ನಲ್ಲಿ, ಇದೇ 45 ಡಿಗ್ರಿ ಕಾರಣಕ್ಕೆ ಬಂದ ಅಪೀಲು ತೀರ್ಪುಗಳನ್ನು ಹುಡುಕಿಕೊಡಲಿ. ಎದುರಿನ ಬೀದಿಯಲ್ಲಿ ದೊಡ್ಡದಾಗಿ ಕಟ್ಟಿದ್ದಾರೆ ಎಂಬ ಫೋಟೋ ಮಾತ್ರ ಸಾಲದು. ಅದು ಯಾವ ನಿಯಮದಡಿ, ಯಾವ ವರ್ಷ ಮಂಜೂರಾಯಿತು ಎಂಬುದೂ ಬೇಕು.

ನಿಮ್ಮ ಅಳತೆ ನೋಡಿದರೆ 4 ಮೀಟರ್ ನಕ್ಷೆಗಾಗಿ ಹೋರಾಡಲು ನಾನು ಹೇಳುವುದಿಲ್ಲ. ನಿಮ್ಮ ಹಿಂಭಾಗ ಆ ಕಿಟಕಿಯ ಉತ್ತರಕ್ಕಿದ್ದರೆ ಬಿಸಿಲಿನ ವಾದ ಹೋಗುತ್ತದೆ, ಆದರೂ ಆಕಾಶದ ಬೆಳಕು, ಎದುರಿಗೆ ಗೋಡೆ ಎದ್ದಂತಾಗುವುದು, ಎರಡೂ ಉಳಿಯುತ್ತವೆ. ಸೋತರೆ ಇನ್‌ಸ್ಪೆಕ್ಟರ್ ಬರೆದದ್ದು ಮುಂದಿನ ಅರ್ಜಿಗೂ ಅಂಟಿಕೊಳ್ಳುತ್ತದೆ. ಎರಡು ವರ್ಷದೊಳಗೆ ಅಂಥದ್ದೇ ಅರ್ಜಿ ಬಂದರೆ ಕೌನ್ಸಿಲ್ ಪರಿಶೀಲಿಸಲು ನಿರಾಕರಿಸಲೂಬಹುದು.

ಇಟ್ಟಿಗೆಗೂಡು:
ಹೊಸ ಅರ್ಜಿಗೆ ಮತ್ತೆ ಪೂರ್ತಿ ಫೀಸೇ? ಪಕ್ಕದ ಕೋಣೆಯ ಕೆಲಸ ಬೇಗ ಶುರುವಾಗಬೇಕಿತ್ತು.

ತೂಗುಗುಂಡು:
ಪೂರ್ತಿ ಫೀಸೇ. ಎರಡನೇ ಸಲ ಉಚಿತ ಎಂಬ ಸೌಲಭ್ಯ 2023ರ ಡಿಸೆಂಬರ್‌ನಲ್ಲಿ ಹೋಯಿತು. ಹೌಸ್‌ಹೋಲ್ಡರ್ ಫೀಸು 2025ರ ಏಪ್ರಿಲ್‌ನಲ್ಲಿ 258ರಿಂದ 528 ಪೌಂಡ್‌ಗೆ ಏರಿತು, ಹಾಕುವ ದಿನದ ದರ ನೋಡಿಕೊಳ್ಳಿ. ಆದರೂ ಕನ್ಸಲ್ಟೆಂಟ್ ಕೇಳಿದ ಮೊತ್ತಕ್ಕಿಂತ ಕಡಿಮೆಯೇ.

ಪಕ್ಕದ ಕೋಣೆ ಒಂದಂತಸ್ತು, 4 ಮೀಟರ್ ಎತ್ತರದೊಳಗೆ, ಮೂಲ ಮನೆಯ ಅರ್ಧ ಅಗಲದೊಳಗೆ ಇದ್ದು ಹಿಂದಿನದಕ್ಕೆ ಕೂಡದಿದ್ದರೆ ಅದೂ ಪರ್ಮಿಟೆಡ್ ಡೆವಲಪ್‌ಮೆಂಟ್ ಆಗಬಹುದು. ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್ (ಈ ಕೆಲಸ ಕಾನೂನುಬದ್ಧ ಎಂದು ಕೌನ್ಸಿಲ್ ಕೊಡುವ ದೃಢೀಕರಣ) ತೆಗೆದುಕೊಳ್ಳಿ, ಫೀಸು ಅರ್ಧ, ಮನೆ ಮಾರುವಾಗ ವಕೀಲರು ಕೇಳುವ ಕಾಗದವೂ ಅದೇ. ಹಿಂದೆ ನಿಮ್ಮ ಮನೆಯ ಪರ್ಮಿಟೆಡ್ ಹಕ್ಕನ್ನು ಯಾವುದಾದರೂ ಷರತ್ತಿನಲ್ಲಿ ಕಿತ್ತುಹಾಕಿದ್ದಾರೆಯೇ ಎಂದು ಹಳೆಯ ಮಂಜೂರಾತಿ ಪತ್ರಗಳಲ್ಲಿ ಮೊದಲು ನೋಡಿ.

ಗೆರೆಕೋಲು:
ಒಂದು ಮಾತು ಸೇರಿಸುತ್ತೇನೆ. ಹಕ್ಕು ಕಿತ್ತುಹಾಕಿದ್ದರೆ ಆಗ ಅಪೀಲಿಗೂ ಅರ್ಥವಿದೆ. ಎರಡು ಭಾಗಗಳೂ ರಚನೆಯಲ್ಲಿ ಬೇರೆ ಬೇರೆಯಾಗಿ ನಿಲ್ಲುವಂತಿದ್ದರೆ ಇನ್‌ಸ್ಪೆಕ್ಟರ್ ಪಕ್ಕದ ಕೋಣೆಗೆ ಮಾತ್ರ ಒಪ್ಪಿಗೆ ಕೊಟ್ಟು ಹಿಂದಿನದನ್ನು ತಳ್ಳಿಹಾಕಬಹುದು. ಸ್ಟೇಟ್‌ಮೆಂಟ್‌ನಲ್ಲಿ ಅದನ್ನು ಬಾಯಿಬಿಟ್ಟು ಕೇಳಿ, ಯಾವ ನಕ್ಷೆಯ ಯಾವ ಗೋಡೆಯಲ್ಲಿ ಎರಡೂ ಬೇರ್ಪಡುತ್ತವೆ ಎಂದು ನಂಬರ್ ಹಾಕಿ ತೋರಿಸಿ.