ರಾತ್ರಿ ಹತ್ತಕ್ಕೆ ಬರುವ ಪಾಳಿಯ ಫೋನ್: ಓದುಗರ ಸ್ಪಂದನ

ಗಂಡ ಪಣಂಬೂರು ಬಂದರಿನಲ್ಲಿ ಖಾಸಗಿ ಗುತ್ತಿಗೆದಾರರ ಬಳಿ ಟ್ಯಾಲಿ ಕ್ಲರ್ಕ್, ಅಂದರೆ ಹಡಗಿನ ಸರಕು ಎಣಿಸಿ ಲೆಕ್ಕ ಬರೆಯುವವರು. ನಾಳೆ ಯಾವ ಪಾಳಿ ಎಂದು ಹಿಂದಿನ ರಾತ್ರಿ ಹತ್ತಕ್ಕೆ ಗೊತ್ತಾಗುತ್ತದೆ, ಮನೆಯಲ್ಲಿ ಯಾವುದಕ್ಕೂ ಹೊತ್ತಿಲ್ಲ ಎಂದು ಓದುಗಿಯೊಬ್ಬರು ಬರೆದಿದ್ದರು. ಅವರಿಗೆ ಬಂದ ಉತ್ತರಗಳು ಇಲ್ಲಿವೆ.

ತಂಗೀ, ನಿಮ್ಮ ಪತ್ರ ಓದಿ ನಮ್ಮ ಮನೆಯದೇ ಕಥೆ ಅನ್ನಿಸಿತು. 30 ವರ್ಷ ಬಂದರಿನಲ್ಲಿ ಕೆಲಸಗಾರರ ಗ್ಯಾಂಗ್ ನೋಡಿಕೊಂಡವನು ನಾನು. ಹಡಗಿಗೆ ಹೊತ್ತು ಗೊತ್ತಿಲ್ಲ, ನಿಜ. ಹಿಂದಿನ ಬಂದರಿನಲ್ಲಿ ತಡವಾದರೆ ಇಲ್ಲೂ ತಡ. ಬರ್ತ್ (ಹಡಗು ಕಟ್ಟುವ ಜಾಗ) ಖಾಲಿ ಇಲ್ಲದಿದ್ದರೆ ಹೊರಗೆ ಲಂಗರು ಹಾಕಿ ಕಾಯಬೇಕು. ಮಳೆಗಾಲದಲ್ಲಿ ಗೊಬ್ಬರದ ಹಡಗಾದರಂತೂ ನಾಲ್ಕು ಹನಿ ಬಿದ್ದ ಕೂಡಲೇ ಹ್ಯಾಚ್, ಅಂದರೆ ಸರಕಿನ ಕೋಣೆಯ ಬಾಯಿ, ಮುಚ್ಚಬೇಕು. ಆಮೇಲೆ ರೇನ್‌ಕೋಟ್ ಹಾಕಿಕೊಂಡು ಶೆಡ್ಡಿನಡಿ ಸುಮ್ನೆ ಕೂತು ಆಕಾಶ ನೋಡುವುದೇ ಕೆಲಸ.

ಆದರೂ ಹಡಗು ಬರುವ ಸುದ್ದಿ ಹಡಗಿನ ಏಜೆಂಟರಿಗೆ ಎಷ್ಟೋ ದಿನ ಮೊದಲೇ ಇರುತ್ತದೆ. ಬೆಳಿಗ್ಗೆ 6ರ ಪಾಳಿಗೆ ರಾತ್ರಿ 10ಕ್ಕೆ ಫೋನ್ ಮಾಡುವುದು ಪಟ್ಟಿ ಮಾಡುವವರ ಸೋಮಾರಿತನ. ನಾವು ವಾರದ ಪಟ್ಟಿಯನ್ನು ಶನಿವಾರವೇ ಬೋರ್ಡಿಗೆ ಹಾಕುತ್ತಿದ್ದೆವು. ಸ್ಟ್ಯಾಂಡ್‌ಬೈ, ಅಂದರೆ ಕರೆದರೆ ಬರಲು ಸಿದ್ಧರಿರಬೇಕಾದವರು, ಯಾರು ಅನ್ನುವುದೂ ಅದರಲ್ಲೇ. ಏರುಪೇರಾದರೆ ಅವರನ್ನು ಮಾತ್ರ ಕರೆಯುವುದು, ಉಳಿದವರ ಪಾಳಿ ಮುಟ್ಟುವಂತಿಲ್ಲ. ಕರೆ ಬರದಿದ್ದರೂ ಸ್ಟ್ಯಾಂಡ್‌ಬೈ ಇದ್ದವರಿಗೆ ಹಾಜರಿ ಹಣ ಕೊಡಬೇಕು. ಇದೇನು ಹೊಸ ಬೇಡಿಕೆ ಅಲ್ಲ. ಕೆಲಸಕ್ಕೆ ಸಿದ್ಧನಿದ್ದೂ ಕೆಲಸ ಸಿಗದ ದಿನಕ್ಕೆ ಕನಿಷ್ಠ ಸಂಬಳ ಎಂಬ ಮಾತು 1948ರ ಡಾಕ್ (ಬಂದರು) ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ನಿಮ್ಮ ಯಜಮಾನರು ಒಬ್ಬರೇ ಕೇಳುವುದು ಬೇಡ. ಟ್ಯಾಲಿಯವರೆಲ್ಲ ಸೇರಿ ಒಂದು ಕಾಗದ ಬರೆದು ಕೊಡಲಿ.
– ನಿವೃತ್ತ ಫೋರ್‌ಮನ್, ಕುಳಾಯಿ

ನನ್ನವರು ಕ್ರೇನ್ ಆಪರೇಟರ್. ಅವರ ಪಾಳಿ ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಇರುತ್ತದೆ. ಮಗಳ ಶಾಲೆಯಲ್ಲಿ ಮೀಟಿಂಗ್ ಇದ್ದರೆ ಮೊದಲೇ ಜೊತೆಯವರ ಹತ್ತಿರ ಅದಲುಬದಲು ಮಾಡಿಕೊಳ್ಳುತ್ತಾರೆ. ಬಾಯಿಮಾತು ಸಾಲದು, ಸೂಪರ್‌ವೈಸರ್ ಸಹಿ ಬೇಕೇ ಬೇಕು. ಒಮ್ಮೆ ಸಹಿ ಇಲ್ಲದೆ ಬದಲಾಯಿಸಿ ಒಂದು ದಿನದ ಸಂಬಳ ಹೋಯಿತು.

ರಾತ್ರಿ ಪಾಳಿ ಮುಗಿಸಿ ಬಂದವರನ್ನು ಮಧ್ಯಾಹ್ನ 2ಕ್ಕೆ ಮತ್ತೆ ಕರೆದರೆ ಮಾತ್ರ ಒಪ್ಪಬೇಡಿ ಅನ್ನಿ. ನಿದ್ದೆಗಣ್ಣಲ್ಲಿ ಹಡಗಿನ ಪಕ್ಕ ನಿಂತು ಚೀಲ ಎಣಿಸುವುದು ಎಷ್ಟು ಅಪಾಯ ಅಲ್ವಾ? ಇವರು ಬಂದು ಮಲಗಿದರೆ ಫೋನ್ ನನ್ನ ಹತ್ತಿರವೇ ಇರುತ್ತದೆ. ಕುಕ್ಕರ್ ಕೂಡ ಕೂಗಿಸುವುದಿಲ್ಲ. ಗಂಜಿ ಬೆಳಿಗ್ಗೆಯೇ ಮಾಡಿ ಮುಚ್ಚಿಟ್ಟಿರುತ್ತೇನೆ.
– ಓದುಗಿ, ಬೈಕಂಪಾಡಿ