ಪ್ರಾಗ್‌ನಲ್ಲಿ ಎರಡೇ ದಿನ, ಅತ್ತೆ ಮಾವ ಮಗು ಜೊತೆ: ಕೋಟೆ ಶನಿವಾರನಾ ಭಾನುವಾರನಾ?

ಮ್ಯೂನಿಕ್ ಸೊಸೆ: ಅತ್ತೆ ಮಾವ ಮೈಸೂರಿಂದ ಬಂದಿದ್ದಾರೆ, ಜರ್ಮನಿಯ ಷೆಂಗೆನ್ ವೀಸಾನೇ ಚೆಕ್‌ಗೂ ನಡೆಯುತ್ತಲ್ಲ ಅಂತ ಏಪ್ರಿಲ್ ಕೊನೇ ವಾರ ಟ್ರೇನಲ್ಲಿ ಪ್ರಾಗ್‌ಗೆ ಹೊರಟಿದೀವಿ. ಅಲ್ಲಿನ ಹಳೇ ಖಗೋಳ ಗಡಿಯಾರ, ಚಾರ್ಲ್ಸ್ ಬ್ರಿಡ್ಜ್, ಕೋಟೆ ಎಲ್ಲಾ ಶನಿವಾರನೇ ಮುಗಿಸೋಣ ಅಂತಾರೆ ನಮ್ಮೆಜಮಾನ್ರು. ಅತ್ತೆಗೆ ಮಂಡಿನೋವು, ಮಗೂಗೆ ಮೂರು ವರ್ಷ. ಆಗುತ್ತಾ?

ಬರ್ಲಿನ್ ರವಿ: ಧಾರಾಳವಾಗಿ ಆಗುತ್ತೆ. ಬ್ರಿಡ್ಜ್ 516 ಮೀಟರ್ ಅಷ್ಟೇ, ದಾಟಿದ್ರೆ ಕೋಟೆ ಕಣ್ಣೆದುರಿಗೇ ಇರುತ್ತೆ. ಚಾಮುಂಡಿ ಬೆಟ್ಟ ಹತ್ತಿದೋರಿಗೆ ಇದೇನು ಮಹಾ.

ಮಲ್ನಾಡ್ ಹುಡ್ಗಿ: ರವಿ ಅವ್ರೇ, ಕಾಣೋದು ಬೇರೆ ಹತ್ತೋದು ಬೇರೆ. ದೂರ ಲೆಕ್ಕಕ್ಕಿಲ್ಲ, ಅಲ್ಲಿ ನೆಲಾನೇ ಕಷ್ಟ, ಪೂರ್ತಿ ಕಲ್ಲು ಹಾಸಿರೋ ಬೀದಿ, ಸ್ಟ್ರೋಲರ್‌ನ ಚಿಕ್ಕ ಗಾಲಿ ಸಂದಿಲಿ ಸಿಕ್ಕೊಳ್ಳುತ್ತೆ. ನಮ್ಮಮ್ಮ ಹತ್ತುವಾಗ ಏನೂ ಅನ್ಲಿಲ್ಲ, ಇಳಿಯುವಾಗ ಮಾತ್ರ ನನ್ನ ತೋಳು ಬಿಡ್ಲೇ ಇಲ್ಲ. ಕೋಟೆಗೆ ಅಂತಾನೇ ಭಾನುವಾರ ಬೆಳಗ್ಗೆ ಇಟ್ಕೊಳಿ. 22ನೇ ನಂಬರ್ ಟ್ರಾಮ್ ಹಿಡಿದು ಪ್ರಾಗ್ ಕೋಟೆ ಸ್ಟಾಪಲ್ಲಿ ಇಳಿದ್ರೆ ಹಿಂದಿನ ಬಾಗಿಲಿಗೆ ಹೆಚ್ಚುಕಮ್ಮಿ ಸಮತಟ್ಟು ದಾರಿ, ವಾಪಸ್ಸೂ ಅದರಲ್ಲೇ ಬನ್ನಿ.

ಪ್ರಾಗ್ ಕನ್ನಡಿಗ: ಟ್ರಾಮ್ ವಿಷಯದಲ್ಲಿ ನೂರಕ್ಕೆ ನೂರು ಸರಿ, ದಿನ ಮಾತ್ರ ಉಲ್ಟಾ ಮಾಡಿ. ಭಾನುವಾರ ಬೆಳಗ್ಗೆ ಪ್ರಾರ್ಥನೆ ಇರೋದ್ರಿಂದ ಕೋಟೆ ಒಳಗಿರೋ ಸೇಂಟ್ ವೀಟಸ್ ಚರ್ಚಿಗೆ ಟೂರಿಸ್ಟ್‌ಗಳನ್ನ ಬಿಡೋದೇ ಮಧ್ಯಾಹ್ನ 12ರ ಮೇಲೆ. ಯಹೂದಿ ಮ್ಯೂಸಿಯಂ, ಹಳೇ ಸ್ಮಶಾನ ಶನಿವಾರ ರಜೆ. ಹಾಗಾಗಿ ಶನಿವಾರ ಬೆಳಗ್ಗೆ ಕೋಟೆ, ಭಾನುವಾರ ಮ್ಯೂಸಿಯಂ, ಸ್ಮಶಾನ.

ಬರ್ಲಿನ್ ರವಿ: ನೋಡಿ, ಕೋಟೆ ಶನಿವಾರಕ್ಕೇ ಬಂತು, ಸಂಜೆ ಬ್ರಿಡ್ಜೂ ಮುಗಿಸಿಬಿಡಿ.

ಮಲ್ನಾಡ್ ಹುಡ್ಗಿ: ಬೇಡ ರೀ! ಶನಿವಾರ ಸಂಜೆ ಬ್ರಿಡ್ಜ್ ಮೇಲೆ ಕಾಲಿಡಕ್ಕೆ ಜಾಗ ಇರಲ್ಲ, ಮಗು ಕೈ ತಪ್ಪಿದ್ರೆ ಏನ್ ಗತಿ. 1357ರಲ್ಲಿ ಕಟ್ಟಕ್ಕೆ ಶುರು ಮಾಡಿದ ಸೇತುವೆ, ಎರಡೂ ಬದಿಲಿ 30 ಮೂರ್ತಿಗಳ ಗುಂಪು, ಅದನ್ನ ತಳ್ಳಾಟದಲ್ಲಿ ನೋಡ್ಬೇಕಾ? ಭಾನುವಾರ ಬೆಳಗ್ಗೆ ಏಳಕ್ಕೆ ಹೋಗಿ.

ಮ್ಯೂನಿಕ್ ಸೊಸೆ: ಸರಿ, ಹಾಗೇ ಮಾಡ್ತೀವಿ. ಗಡಿಯಾರ ಬರೀ ಗೊಂಬೆ ಆಟ ಅಂತಾರಲ್ಲ, ನಿಜಾನಾ? ಮಾವ ದಿನಾ ಪಂಚಾಂಗ ನೋಡೋರು.

ಪ್ರಾಗ್ ಕನ್ನಡಿಗ: ಹಾಗಿದ್ರೆ ಖಂಡಿತ ಕರ್ಕೊಂಡ್ ಹೋಗಿ. ಗೊಂಬೆಗಳು ಗಂಟೆಗೊಂದ್ಸಲ ಬರ್ತವೆ, ಜನ ಅದನ್ನಷ್ಟೇ ನೋಡಿ ಹೊರಡ್ತಾರೆ. 1410ರ ಗಡಿಯಾರ ಅದು, ಮುಖದ ಮೇಲೆ ಸೂರ್ಯ ಚಂದ್ರ ಯಾವ ರಾಶಿಲಿದ್ದಾರೆ ಅಂತ ಯಾವಾಗ ಬೇಕಾದ್ರೂ ನೋಡ್ಬಹುದು. ಏಪ್ರಿಲ್ ಕೊನೇಲಿ ಅಲ್ಲಿ ಸೂರ್ಯ ವೃಷಭದಲ್ಲಿರ್ತಾನೆ, ನಮ್ಮ ಪಂಚಾಂಗದಲ್ಲಿ ಇನ್ನೂ ಮೇಷ. ಅವರದು ಸಾಯನ, ಅಂದ್ರೆ ವಿಷುವತ್ ಬಿಂದುವಿನಿಂದ ರಾಶಿ ಎಣಿಸೋದು; ನಮ್ಮದು ನಿರಯನ, ಅಂದ್ರೆ ನಕ್ಷತ್ರಗಳನ್ನ ಹಿಡಿದು ಎಣಿಸೋದು, ಸುಮಾರು 24 ಡಿಗ್ರಿ ವ್ಯತ್ಯಾಸ. ಮಾವನಿಗೆ ಮೊದಲೇ ಹೇಳ್ಬೇಡಿ, ಅವರೇ ಹಿಡೀತಾರೆ.